ಛತ್ರಿ ಸಾಹೇಬರು ಮದರ್ ಬದಲಾಯಿಸಿದ್ದು

ಬಸ್ಸಿನಲ್ಲಿ ವಸ್ತು ಬಿಟ್ಟುಹೋದವರು ತಮ್ಮ ಮರೆವನ್ನು ಬೈದುಕೊಳ್ಳುವುದಿಲ್ಲ. ಬಸ್ ನಿಲ್ದಾಣದ ಮೂಲೆಯಲ್ಲಿ 'ಕಳೆದುಹೋದ ವಸ್ತುಗಳು' ಎಂದು ಬರೆದ ಕಿಟಕಿಯ ಹಿಂದೆ ಒಬ್ಬ ಮನುಷ್ಯ ಕೂತಿರುತ್ತಾನಲ್ಲ, ಅವನನ್ನು ಬೈಯುತ್ತಾರೆ. ನಮ್ಮ ಕಥಾನಾಯಕರು ಹೀಗೆ ಬೈಸಿಕೊಳ್ಳುವ ಕೆಲಸದಲ್ಲೇ ಕೂದಲು ನರೆಸಿಕೊಂಡವರು. ಅವರ ಸುಪರ್ದಿಗೆ ಬರುತ್ತಿದ್ದ ವಸ್ತುಗಳಲ್ಲಿ ಮುಕ್ಕಾಲು ಪಾಲು ಕೊಡೆಗಳೇ ಆದ್ದರಿಂದ ಬೀದಿಯವರೆಲ್ಲ ಅವರನ್ನು ಛತ್ರಿ ಸಾಹೇಬರು ಎನ್ನುತ್ತಿದ್ದರು. ನಮ್ಮ ಮಾತಿನಲ್ಲಿ ಛತ್ರಿ ಎಂದರೆ ಇನ್ನೇನು ಅರ್ಥ ಬರುತ್ತದೆಂದು ನಾನು ಹೇಳಬೇಕಾಗಿಲ್ಲ. ಆ ಅರ್ಥಕ್ಕೆ ಅವರಷ್ಟು ಅನರ್ಹರು ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಒಂದು ಸುಳ್ಳು ಹೇಳಬೇಕಾಗಿ ಬಂದರೆ ಅವರ ಕಿವಿ ಮೊದಲು ಕೆಂಪಾಗುತ್ತಿತ್ತು, ಸುಳ್ಳು ಆಮೇಲೆ ಬರುತ್ತಿತ್ತು.

ಮನೆಯಲ್ಲಿದ್ದವರು ಮೂವರು: ಸಾಹೇಬರು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವರ ಹೆಂಡತಿ, ಮತ್ತು ಅತ್ತೆ. ಅತ್ತೆಯವರು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವರು, ಫುಟ್‌ಬಾಲ್ ಕಲಿಸಿದವರು. ನಿವೃತ್ತರಾಗಿ, ಮೊಣಕಾಲಿನ ಆಪರೇಷನ್ ಆದಮೇಲೆ ಮಗಳ ಮನೆಗೆ ಬಂದಿದ್ದರು. ಅತ್ತೆಗೂ ಅಳಿಯನಿಗೂ ಒಬ್ಬರ ಮೇಲೊಬ್ಬರಿಗೆ ಎಷ್ಟು ಗೌರವವೆಂದರೆ ಅವರು ನೇರವಾಗಿ ಮಾತಾಡುತ್ತಲೇ ಇರಲಿಲ್ಲ. ಒಂದೇ ಮೇಜಿಗೆ ಎದುರುಬದುರು ಕೂತು, "ಅಳಿಯಂದ್ರಿಗೆ ಇನ್ನೊಂದು ಲೋಟ ಕಾಫಿ ಬೇಕಂತಾ ಕೇಳು" ಎಂದು ಅತ್ತೆ ಮಗಳಿಗೆ ಹೇಳುವುದು, "ಸಾಕಂತೆ ಅನ್ನು" ಎಂದು ಅಳಿಯ ಹೆಂಡತಿಗೆ ಹೇಳುವುದು. ಲ್ಯಾಬಿನವರು ತನಗೆ ಸಂಬಳ ಕೊಡುತ್ತಾರೆ, ಈ ದುಭಾಷಿ ಕೆಲಸಕ್ಕೆ ಯಾರೂ ಕೊಡುವುದಿಲ್ಲ ಎಂದು ಹೆಂಡತಿ ಆಗಾಗ ಹೇಳುವುದಿತ್ತು.

ಇಂಥ ಮನೆಯಲ್ಲಿ ಒಂದು ಭಾನುವಾರ, ಹೆಂಡತಿ ಲ್ಯಾಬಿಗೆ ಹೋಗಿದ್ದಾಗ, ಅತ್ತೆಯವರು ಕೋಲೂರಿಕೊಂಡು ಬಂದು ಅಳಿಯನ ಎದುರಿನ ಕುರ್ಚಿಯಲ್ಲಿ ಕೂತರು. ಕೂತು, ಗೋಡೆಯನ್ನು ನೋಡದೆ, ಅಳಿಯನನ್ನೇ ನೋಡಿ ಮಾತಾಡಿದರು.

"ಅಳಿಯಂದ್ರೆ, ನನಗೊಂದು ಕಂಪ್ಯೂಟರ್ ಬೇಕಿತ್ತು."

ಸಾಹೇಬರಿಗೆ ಕೈಯಲ್ಲಿದ್ದ ಪೇಪರು ಮಡಿಸುವುದೋ ಬಿಡಿಸುವುದೋ ತಿಳಿಯಲಿಲ್ಲ. ಆ ಕ್ಷಣದಲ್ಲಿ ಅತ್ತೆಯವರು ಆನೆ ಬೇಕೆಂದಿದ್ದರೂ ಅವರು ಎಷ್ಟು ದೊಡ್ಡದು ಎಂದಷ್ಟೇ ಕೇಳುತ್ತಿದ್ದರು.

ಅತ್ತೆಯವರು ವಿವರಿಸಿದರು. ಅವರ ಬಳಿ ಹಳೆಯ ಪಂದ್ಯಗಳ ವಿಡಿಯೋಗಳಿದ್ದವು. ಶಾಲೆಯವರು ತೆಗೆಸಿದ್ದು, ಸ್ಟುಡಿಯೋದವರೊಬ್ಬರು ಎಲ್ಲವನ್ನೂ ಕ್ಯಾಸೆಟ್ಟಿನಿಂದ ಇಳಿಸಿಕೊಟ್ಟಿದ್ದರು. ಒಂದೊಂದೂ ಮುಗಿಯದಷ್ಟು ಉದ್ದ. ಅವನ್ನು ಕತ್ತರಿಸಿ, ಯಾವ ಹುಡುಗಿ ಯಾವ ಪಂದ್ಯದಲ್ಲಿ ಚೆನ್ನಾಗಿ ಆಡಿದಳೋ ಅಷ್ಟನ್ನು ಜೋಡಿಸಿ ಅವಳಿಗೆ ಕಳಿಸಬೇಕು ಎಂಬುದು ಒಂದು ಆಸೆ. ಇನ್ನೊಂದು ಆಸೆಯನ್ನು ಹೇಳುವಾಗ ಅವರ ದನಿ ಸ್ವಲ್ಪ ಇಳಿಯಿತು. ಆ ಹುಡುಗಿಯರು ಈಗ ಬೇರೆ ಬೇರೆ ಕಡೆ ಗೃಹಿಣಿಯರು, ನರ್ಸುಗಳು, ಬ್ಯಾಂಕಿನವರು. ಅವರಲ್ಲಿ ಕೆಲವರು ಕಂಪ್ಯೂಟರಿನಲ್ಲಿ ಒಬ್ಬರಿಗೊಬ್ಬರು ಎದುರಾಗಿ ಫುಟ್‌ಬಾಲ್ ಆಡುತ್ತಾರಂತೆ. ಟೀಚರ್ ನೀವೂ ಬನ್ನಿ ಎಂದು ಕರೆದಿದ್ದಾರೆ.

"ಕಾಲಲ್ಲಿ ಆಡೋದಂತೂ ಮುಗೀತು. ಕೈಯಲ್ಲಾದ್ರೂ ಆಡೋಣ ಅಂತ. ನಿಮಗೆ ಇದೆಲ್ಲ ಗೊತ್ತಾಗುತ್ತಾ?"

ಇಲ್ಲಿ ಸಾಹೇಬರು ನಿಜ ಹೇಳಿಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಆಫೀಸಿನಲ್ಲಿ ಟಿಕೆಟ್ ತಪಾಸಣೆಯವರೊಬ್ಬರು, ಜೋಡಿಸಿದ ಕಂಪ್ಯೂಟರ್ ಕೊಳ್ಳುವವರು ದಡ್ಡರು, ಬಿಡಿಭಾಗ ತಂದು ಜೋಡಿಸಿಕೊಳ್ಳುವವರು ಜಾಣರು ಎಂದಿದ್ದು ಅವರ ಕಿವಿಯಲ್ಲಿ ಉಳಿದಿತ್ತು. ಅದು ಈಗ ಬಾಯಿಗೆ ಬಂತು.

"ಅದೇನ್ ಮಹಾ ಅತ್ತೆ. ಪಾರ್ಟ್ಸ್ ತಂದು ನಾನೇ ಜೋಡಿಸ್ತೀನಿ."

ಸಾಹೇಬರು ಅಲ್ಲಿಯವರೆಗೆ ಜೋಡಿಸಿದ್ದು ಚಪ್ಪಲಿಯ ಉಂಗುಷ್ಠವನ್ನು ಮಾತ್ರ, ಅದೂ ಸೇಫ್ಟಿ ಪಿನ್ನಿನಿಂದ. ಅವರ ಕಿವಿ ಕೆಂಪಾದದ್ದನ್ನು ಅತ್ತೆಯವರು ಉತ್ಸಾಹವೆಂದು ತಿಳಿದರು. ಪಿಂಚಣಿಯಲ್ಲಿ ಉಳಿಸಿದ್ದು ಇಷ್ಟಿದೆ, ಇದರೊಳಗೆ ಆಗಬೇಕು ಎಂದರು. ಮಗಳಿಗೆ ಮಾತ್ರ ಈಗಲೇ ಹೇಳುವುದು ಬೇಡ. ಹೇಳಿದರೆ ಕಾಲಿಗೆ ಒಳ್ಳೆಯದಲ್ಲ, ಕಣ್ಣಿಗೆ ಒಳ್ಳೆಯದಲ್ಲ ಎಂದು ಶುರುಮಾಡುತ್ತಾಳೆ. ಎಲ್ಲ ಮುಗಿದ ಮೇಲೆ ತಾನೇ ಹೇಳುವುದಾಗಿ ಅಂದು ಕೋಲೂರಿ ಎದ್ದರು. ಸಾಹೇಬರು ಮಾತು ಕೊಟ್ಟರು.

ಬಿಡಿಭಾಗಗಳ ಅಂಗಡಿ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಅಂಗಡಿಯವನು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು, ಯಾವ ಗಿರಾಕಿ ಏನು ಕೇಳಿದರೂ ನಿಟ್ಟುಸಿರುಬಿಟ್ಟೇ ಉತ್ತರಿಸುವ ಮನುಷ್ಯ. ಕಡಿಮೆ ಬಜೆಟ್ಟಿನಲ್ಲಿ ಗೇಮೂ ಆಡಬೇಕು, ವಿಡಿಯೋ ಎಡಿಟಿಂಗೂ ಆಗಬೇಕು ಎಂದು ಸಾಹೇಬರು ಹೇಳಿದಾಗ, ಮಗುವಿಗೆ ಜ್ವರವೆಂದು ಕೇಳಿದ ಡಾಕ್ಟರರಂತೆ ತಲೆಯಾಡಿಸಿದ. ರ‍್ಯಾಮ್ ಎಷ್ಟು ಬೇಕು ಎಂದು ಕೇಳಿದ. ಒಂದು ಸಾಕು, ನಾವಿರೋದೇ ಮೂರು ಜನ ಎಂದು ಸಾಹೇಬರು ಹೇಳಿದರು. ಅಂಗಡಿಯವನು ಇನ್ನೊಂದು ನಿಟ್ಟುಸಿರುಬಿಟ್ಟು ಸ್ಟೂಲು ತೋರಿಸಿದ.

ಸ್ಟೂಲಿನ ಮೇಲೆ ಕೂತು ಸಾಹೇಬರು ಕಲಿತದ್ದು ಇಷ್ಟು. ಲೆಕ್ಕಾಚಾರವೆಲ್ಲ ಮಾಡುವುದು ಪ್ರೊಸೆಸರ್, ಆ ಹೊತ್ತಿಗೆ ಬೇಕಾದ್ದನ್ನು ನೆನಪಿಟ್ಟುಕೊಳ್ಳುವುದು ರ‍್ಯಾಮ್. ಆಟದ ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡು, ಅದಕ್ಕೆ ರೇಷನ್ ಕಾರ್ಡಿನ ಹಾಗೆ ಅರ್ಜಿ ಹಾಕಬೇಕಾಗಿಲ್ಲ. ಎಲ್ಲವೂ ಬಂದು ಕೂರುವ ದೊಡ್ಡ ಹಲಗೆ ಮದರ್ ಬೋರ್ಡು, ಅಂಗಡಿಯ ಭಾಷೆಯಲ್ಲಿ ಬರೀ ಮದರ್. ಗ್ರಾಫಿಕ್ಸ್ ಕಾರ್ಡು ದೊಡ್ಡದು ಕೊಂಡರೆ ಪ್ರೊಸೆಸರ್ ಚಿಕ್ಕದಾಗುತ್ತದೆ, ಪ್ರೊಸೆಸರ್ ದೊಡ್ಡದಾದರೆ ರ‍್ಯಾಮಿಗೆ ಕುತ್ತು. ಕೊನೆಗೆ ಎಲ್ಲಕ್ಕೂ ಕರೆಂಟು ಹಂಚುವ ಪವರ್ ಸಪ್ಲೈ ಎಂಬ ಡಬ್ಬದಲ್ಲಿ ದುಡ್ಡು ಉಳಿಸಿಬಿಡೋಣವೇ ಎಂದು ಎಲ್ಲರೂ ಕೇಳುತ್ತಾರೆ, ಅಲ್ಲೇ ಎಲ್ಲರೂ ಕೆಡುತ್ತಾರೆ ಎಂದು ಅಂಗಡಿಯವನು ಹೇಳಿದ.

ಇದನ್ನೆಲ್ಲ ಮರೆಯುವ ಮೊದಲು ಮನೆಗೆ ಬಂದು, ಬಟ್ಟೆ ಒಣಹಾಕುವ ಬಾಲ್ಕನಿಯಲ್ಲಿ ನಿಂತು, ಸಾಹೇಬರು ಅತ್ತೆಗೆ ಒಪ್ಪಿಸಿದರು. ಅತ್ತೆಯವರು ಕಣ್ಣು ಕಿರಿದು ಮಾಡಿಕೊಂಡು ಕೇಳಿದರು. ಅವರ ತಲೆಯೊಳಗೆ ಅದಾಗಲೇ ಟೀಮು ಕಟ್ಟುವ ಕೆಲಸ ಶುರುವಾಗಿತ್ತು.

"ಗ್ರಾಫಿಕ್ಸ್ ಕಾರ್ಡು ಅಂದ್ರೆ ನಮ್ಮ ಫಾರ್ವರ್ಡು. ಎಲ್ಲಾ ದುಡ್ಡೂ ಅವಳಿಗೇ ಸುರಿದ್ರೆ ಬಾಲ್ ತಂದುಕೊಡೋರು ಯಾರು? ಅದು ಸೆಕೆಂಡ್ ಹ್ಯಾಂಡ್ ಇರಲಿ, ಆಡಿ ಅನುಭವ ಇರೋದು. ರ‍್ಯಾಮ್ ಎರಡು ಹಾಕಿಸಿ. ಆ ಪವರ್ ಸಪ್ಲೈ ಇದೆಯಲ್ಲ, ಅದು ಗೋಲ್‌ಕೀಪರು. ಅದರಲ್ಲಿ ಜಿಪುಣತನ ಬೇಡ."

ಇವನ್ನೆಲ್ಲ ಒಳಗೆ ಕೂರಿಸಲು ಬಣ್ಣದ ದೀಪಗಳಿರುವ ಗಾಜಿನ ಕ್ಯಾಬಿನೆಟ್ ಬೇಕೇ ಎಂದು ಸಾಹೇಬರು ಕೇಳಿದರು, ತಮಗೇ ಒಳಗೊಳಗೆ ಆಸೆಯಾಗಿ. ಬೂಟಿಗೆ ಗೆಜ್ಜೆ ಕಟ್ಟಿದರೆ ಗೋಲ್ ಆಗುವುದಿಲ್ಲ ಎಂದು ಅತ್ತೆಯವರು ಹೇಳಿದರು. ದೀಪ ಅಲ್ಲಿಗೆ ಆರಿತು.

ಹೀಗೆ ದಿನಕ್ಕೊಂದು ಭಾಗ ಸಾಹೇಬರ ಟಿಫಿನ್ ಚೀಲದಲ್ಲಿ ಮನೆಗೆ ಬಂದು ಅತ್ತೆಯವರ ಮಂಚದಡಿ ಸೇರಿತು. ಮದರ್ ಮಾತ್ರ ಸಾಹೇಬರು ಬಜೆಟ್ಟು ನೋಡಿ ಹಳೆಯದನ್ನೇ ತಂದಿದ್ದರು. ಬಿಚ್ಚಿ ನೋಡಿದರೆ ಪ್ರೊಸೆಸರ್ ಕೂರುವ ಜಾಗದಲ್ಲಿ ಕೂದಲಿನಂಥ ಪುಟ್ಟ ಕಾಲುಗಳಿದ್ದವು, ಅದರಲ್ಲೊಂದು ಕಾಲು ಬಗ್ಗಿತ್ತು. ಯಾರೋ ಹಿಂದೆ ಅದನ್ನು ನೆಟ್ಟಗೆ ಮಾಡಲು ನೋಡಿದ ಗುರುತೂ ಇತ್ತು. ಪ್ರೊಸೆಸರ್ ಕೂರಲೊಲ್ಲದು.

ಅಂಗಡಿಯವನಿಗೆ ಫೋನ್ ಮಾಡಬೇಕು. ಮನೆಯೊಳಗೆ ಹೆಂಡತಿ ಇದ್ದಳು. ಆದ್ದರಿಂದ ಸಾಹೇಬರು ಮೆಟ್ಟಿಲಿಳಿದು ಕೆಳಗಿನ ಮನೆಯ ಬಾಗಿಲ ಬಳಿ ನಿಂತು ಫೋನ್ ಮಾಡಿದರು. ಕೆಳಗಿನ ಮನೆಯಲ್ಲಿದ್ದವರು ಟೈಲರಕ್ಕ. ಅವರ ಬಾಗಿಲು ಯಾವಾಗಲೂ ಒಂದಂಗುಲ ತೆರೆದೇ ಇರುತ್ತಿತ್ತು, ಗಾಳಿಗೆಂದು. ಆ ಹೊತ್ತಿಗೆ ಅವರು ಪರದೆಯ ಅಂಚು ಮಡಿಸುತ್ತ ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡಿದ್ದರು. ಬಾಯಲ್ಲಿ ಪಿನ್ನಿದ್ದವರಿಗೆ ಕೇಳಿಸಿಕೊಳ್ಳಲು ಅಡ್ಡಿಯಿಲ್ಲ, ನಡುವೆ ಪ್ರಶ್ನೆ ಕೇಳಲು ಮಾತ್ರ ಆಗುವುದಿಲ್ಲ. ಮುಂದಿನ ಅನಾಹುತಕ್ಕೆಲ್ಲ ಕಾರಣ ಆ ಪಿನ್ನುಗಳೇ ಎಂದು ನನ್ನ ಅಭಿಪ್ರಾಯ.

ಟೈಲರಕ್ಕನಿಗೆ ಕೇಳಿಸಿದ್ದು ಇದು:

"ಹಲೋ, ನಾನು. ಈ ಮದರ್ ನಮಗೆ ಹೊಂದ್ತಾ ಇಲ್ಲ… ಹಳೇದು ಅಂತ ಗೊತ್ತಿದ್ದೇ ಒಪ್ಕೊಂಡೆ, ಆದ್ರೆ ಕಾಲು ಸರಿ ಇಲ್ವಲ್ಲ. ಮೊದಲೇ ಒಂದು ಸಲ ರಿಪೇರಿ ಮಾಡ್ಸಿದಾರೆ… ಇಲ್ಲ, ಇನ್ನೊಂದ್ಸಲ ರಿಪೇರಿ ಅಂದ್ರೆ ಖರ್ಚು… ಶನಿವಾರ ತಂದು ನಿಮ್ಮ ಹತ್ರ ಬಿಟ್ಟುಬಿಡ್ತೀನಿ, ಇಟ್ಕೊಳ್ಳಿ… ಹೆಂಡತಿಗೆ ಗೊತ್ತಿಲ್ಲ. ಹೇಳೋದು ಬೇಡ."

ಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿ ಟೈಲರಕ್ಕ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದರು. ಅವರು ಕೆಟ್ಟವರಲ್ಲ. ಟೀಚರಮ್ಮನ ಕಾಲಿಗೆ ಆಪರೇಷನ್ ಆದಾಗ ದಿಂಬಿಗೆ ಕವರು ಹೊಲಿದು ತಂದುಕೊಟ್ಟವರು. ಅಂಥವರನ್ನು ಶನಿವಾರ ಎಲ್ಲೋ ಬಿಟ್ಟುಬರುತ್ತಾರೆ ಎಂದರೆ ಯಾರಿಗೆ ಸಂಕಟವಾಗುವುದಿಲ್ಲ? ಈ ಸಂಕಟವನ್ನು ಅವರು ಒಬ್ಬರ ಹತ್ತಿರ ಮಾತ್ರ ಹೇಳಿಕೊಂಡರು. ಆ ಪರದೆ ತೆಗೆದುಕೊಳ್ಳಲು ಬಂದವರ ಹತ್ತಿರ. ಅವರು ಬಸ್ ನಿಲ್ದಾಣದ ಮ್ಯಾನೇಜರ ಹೆಂಡತಿ.

ಮರುದಿನ ಮ್ಯಾನೇಜರು ಸಾಹೇಬರನ್ನು ತಮ್ಮ ಕೋಣೆಗೆ ಕರೆಸಿದರು. ಕಚೇರಿಯ ವಿಷಯವಲ್ಲ, ಮನುಷ್ಯತ್ವದ ವಿಷಯ ಎಂದು ಆರಂಭಿಸಿದರು. ನೀವು ಏನು ಮಾಡಲು ಹೊರಟಿದ್ದೀರೆಂದು ನನಗೆ ತಿಳಿಯಿತು ಎಂದರು. ತಪಾಸಣೆಯವರು ಕಂಪ್ಯೂಟರಿನ ವಿಷಯ ಹೇಳಿರಬೇಕೆಂದುಕೊಂಡು ಸಾಹೇಬರು ನಾಚಿದರು.

"ಹಳೇದಾಯ್ತು ಅಂತ ಬಿಸಾಕಿಬಿಡೋದೇನ್ರೀ?"

"ಬಿಸಾಕ್ತಾ ಇಲ್ಲ ಸಾರ್, ಎಕ್ಸ್‌ಚೇಂಜ್ ಮಾಡ್ತಿದೀನಿ. ಸ್ವಲ್ಪ ಮೇಲೆ ಕೊಟ್ರೆ ಹೊಸಾದೇ ಕೊಡ್ತಾರಂತೆ."

ಮ್ಯಾನೇಜರು ಕಾಗದಗಳ ಮೇಲಿಟ್ಟಿದ್ದ ಗಾಜಿನ ಗುಂಡನ್ನು ಎತ್ತಿ ತಿರುಗಿಸಿ ಮತ್ತೆ ಅಲ್ಲೇ ಇಟ್ಟರು. ಕಡೆಗೆ, ಕಳೆದುಹೋದದ್ದನ್ನು ಕಾಯಬೇಕಾದ ಮನುಷ್ಯನೇ ಇದ್ದದ್ದನ್ನು ಕಳೆದುಕೊಳ್ಳಲು ಹೊರಟರೆ ತಾನೇನು ಹೇಳಲಿ ಎಂದು ಮೆಲ್ಲಗೆ ಅಂದು, ಹೋಗಿ ಎಂದು ಕೈಸನ್ನೆ ಮಾಡಿದರು. ಹಳೆಯ ವಸ್ತುಗಳ ಮೇಲೆ ಮ್ಯಾನೇಜರಿಗಿರುವ ಪ್ರೀತಿಯನ್ನು ಕಂಡು ಸಾಹೇಬರಿಗೆ ಅವರ ಮೇಲೆ ಗೌರವ ಹೆಚ್ಚಿತು.

ಸುದ್ದಿ ಹೆಂಡತಿಗೆ ತಲುಪಿದ್ದು ಲ್ಯಾಬಿನಲ್ಲಿ. ರಕ್ತ ಕೊಡಲು ಬಂದಿದ್ದ ಪರಿಚಯದ ಹೆಂಗಸು ತೋಳು ಚಾಚಿಕೊಂಡು, ನಿಮ್ಮ ತಾಯಿಯನ್ನು ಯಾವ ಆಶ್ರಮಕ್ಕೆ ಸೇರಿಸುತ್ತಾರಂತೆ ಎಂದು ಅನುಕಂಪದಿಂದ ವಿಚಾರಿಸಿದರು. ಒಂದೇ ಚುಚ್ಚಿಗೆ ನರ ಸಿಗುವುದೆಂದು ಹೆಸರು ಮಾಡಿದ್ದ ಕೈ ಆ ದಿನ ಮೊದಲ ಸಲ ತಪ್ಪಿತು.

ಸಂಜೆ ಅವಳು ಮನೆಗೆ ಬಂದವಳೇ ಗಂಡನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ನನಗೆ ಎಲ್ಲಾ ಗೊತ್ತಾಯ್ತು."

ಸಾಹೇಬರ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು. ಹೆಂಡತಿಗೆ ಮುಚ್ಚಿಟ್ಟು ಅವರಿಗೆ ಊಟವೇ ಸೇರುತ್ತಿರಲಿಲ್ಲ.

"ಗೊತ್ತಾಯ್ತಾ? ಒಳ್ಳೇದಾಯ್ತು ಬಿಡು. ಶನಿವಾರ ಮುಗಿಸಿಬಿಡೋಣ ಅಂತಿದೀನಿ."

"ಅಮ್ಮನಿಗೆ ಹೇಳಿದೀರಾ?"

"ಹೇಳೋದೇನು, ಕೇಳಿದ್ದೇ ಅವರು. ಅವರ ದುಡ್ಡಲ್ಲೇ ಆಗ್ತಿರೋದು. ನಿನಗೆ ಮಾತ್ರ ಹೇಳಬೇಡಿ ಅಂದ್ರು, ಬೇಜಾರು ಮಾಡ್ಕೋತೀಯ ಅಂತ."

ಹೆಂಡತಿ ಅವರ ಕಿವಿಗಳನ್ನು ನೋಡಿದಳು. ಕಿವಿ ಕೆಂಪಾಗಿರಲಿಲ್ಲ. ಗಂಡ ಹೇಳುತ್ತಿರುವುದು ನಿಜ. ಅಂದರೆ ಹೊರಟಿರುವುದು ಅಮ್ಮನೇ. ಈ ಮನೆ ಅಮ್ಮನಿಗೆ ಸಾಕಾಗಿದೆ.

ಗಂಡನೊಡನೆ ಜಗಳವಾಡಲು ತಯಾರಾಗಿ ಬಂದಿದ್ದವಳಿಗೆ ಜಗಳವಾಡಲು ಯಾರೂ ಉಳಿಯಲಿಲ್ಲ. ಅವಳು ನಲ್ಲಿ ತಿರುಗಿಸಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಅಮ್ಮನಿಗೆ ದಿನವೂ ಏನೇನು ಅಂದಿದ್ದೆ ಎಂದು ನೆನಪು ಮಾಡಿಕೊಂಡಳು: ಹೆಚ್ಚು ಹೊತ್ತು ಕೂರಬೇಡ, ಮೆಟ್ಟಿಲಿಳಿಯಬೇಡ, ಫೋನು ನೋಡಬೇಡ, ಉಪ್ಪು ಹಾಕಿಕೊಳ್ಳಬೇಡ. ಒಂದಾದರೂ 'ಬೇಕು' ಅದರಲ್ಲಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಮುಂದೆ ತಾನೇ ಉಪ್ಪಿನ ಡಬ್ಬಿ ಇಟ್ಟಳು. ಅತ್ತೆಯವರು ಮಗಳ ಮುಖ ನೋಡಿದರು, ಅಳಿಯನ ಮುಖ ನೋಡಿದರು, ಏನೂ ಅರ್ಥವಾಗದೆ ಸ್ವಲ್ಪ ಉಪ್ಪು ಹಾಕಿಕೊಂಡರು.

ಹೆಂಡತಿ ತಮ್ಮನಿಗೆ ಫೋನ್ ಮಾಡಿದಳು. ಸಾಹೇಬರ ಈ ಬಾಮೈದ ವಿಮೆ ಮಾರುವವನು. ಯಾವುದೇ ಸುದ್ದಿ ಕೇಳಿದರೂ ಮೊದಲು ಅದರಲ್ಲಿ ಆಗಬಹುದಾದ ಕೆಟ್ಟದ್ದನ್ನು ಯೋಚಿಸುವುದು ಅವನ ವೃತ್ತಿ. ಅಮ್ಮ ತಾನಾಗಿ ಹೊರಟಿದ್ದಾಳೆ ಎಂದು ಅಕ್ಕ ಹೇಳಿದ್ದನ್ನು ಅವನು ನಂಬಲಿಲ್ಲ. ಭಾವನೇ ಅಮ್ಮನ ಬಾಯಲ್ಲಿ ಹಾಗೆ ಹೇಳಿಸಿರಬೇಕು ಎಂದು ತೀರ್ಮಾನಿಸಿದ. ಶನಿವಾರ ಬೆಳಗ್ಗೆ ಒಂದು ಸಾಮಾನಿನ ವ್ಯಾನು ಬಾಡಿಗೆಗೆ ಹಿಡಿದು, ಅಮ್ಮನನ್ನು ತನ್ನ ಮನೆಗೇ ಕರೆದುಕೊಂಡು ಹೋಗಲು ಬಂದಿಳಿದ. ಫೋನಿನ ಮಾತು ತಮಗೆ ಕೇಳಿಸಿದಷ್ಟನ್ನೂ ಮೆಟ್ಟಿಲಲ್ಲೇ ಅವನಿಗೆ ಒಪ್ಪಿಸಿ, ಹೊಲಿದ ಬಟ್ಟೆ ಕೊಡುವ ನೆಪದಲ್ಲಿ ಟೈಲರಕ್ಕನೂ ಮೇಲೆ ಬಂದರು. ಆ ಬಟ್ಟೆ ಯಾರದೆಂದು ಕೊನೆಯವರೆಗೂ ಗೊತ್ತಾಗಲಿಲ್ಲ.

ಇವರೆಲ್ಲ ಮುಂದಿನ ಕೋಣೆಯಲ್ಲಿ ಕೂತು, ಮುಚ್ಚಿದ್ದ ಅತ್ತೆಯವರ ಕೋಣೆಯ ಬಾಗಿಲು ತಟ್ಟಲು ಧೈರ್ಯವಾಗದೆ, ಯಾರು ಮೊದಲು ಮಾತಾಡುವುದೆಂದು ಯೋಚಿಸುತ್ತಿದ್ದಾಗ, ಛತ್ರಿ ಸಾಹೇಬರು ಸಾದಾ ಕ್ಯಾಬಿನೆಟ್ಟಿರುವ ಒಂದು ದೊಡ್ಡ ರಟ್ಟಿನ ಡಬ್ಬ ಹೊತ್ತು ಬಾಗಿಲಲ್ಲಿ ಕಾಣಿಸಿಕೊಂಡರು. ಡಬ್ಬದ ಮೇಲೆ ಇನ್ನೊಂದು ಚಿಕ್ಕ ಡಬ್ಬ. ಮೆಟ್ಟಿಲು ಹತ್ತಿ ಬೆವೆತಿದ್ದರು, ಬಹಳ ಸಂತೋಷದಲ್ಲಿದ್ದರು. ಡಬ್ಬದ ಹಿಂದೆ ಇದ್ದುದರಿಂದ ಅವರಿಗೆ ಕೋಣೆಯಲ್ಲಿ ಯಾರಿದ್ದಾರೆಂದು ಕಾಣಲಿಲ್ಲ, ಹೆಂಡತಿಯ ಚಪ್ಪಲಿ ಮಾತ್ರ ಕಂಡಿತು.

"ಅಂತೂ ಹಳೇ ಮದರ್‌ನ ದಾಟಿಸಿ ಬಂದೆ ಕಣೇ" ಎಂದರು. "ಪುಣ್ಯಕ್ಕೆ ಏನೂ ತಕರಾರು ಮಾಡದೆ ಇಟ್ಕೊಂಡ."

ಟೈಲರಕ್ಕ ಸೆರಗಿನಂತೆ ಆ ಅನಾಮಿಕ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡರು. ಬಾಮೈದ ಎದ್ದು ನಿಂತ.

"ಅಮ್ಮ ಎಲ್ಲಿ ಭಾವ?"

ಸಾಹೇಬರು ಡಬ್ಬ ಇಳಿಸಿ, ಇಷ್ಟು ಜನರನ್ನು ಕಂಡು ಗಾಬರಿಯಾಗಿ, ಕೋಣೆಯಲ್ಲೇ ಇರಬೇಕಲ್ಲ ಎಂದರು. ಹಾಗಾದರೆ ಬಿಟ್ಟು ಬಂದದ್ದು ಯಾರನ್ನು ಎಂದು ಬಾಮೈದ ಕೇಳಿದ. ಸಾಹೇಬರು ಚಿಕ್ಕ ಡಬ್ಬವನ್ನು ದೊಡ್ಡದರ ಹಿಂದಕ್ಕೆ ಸರಿಸಿದರು. ಹೆಂಡತಿಗೆ ತಿಳಿದಿದೆ, ಸರಿ. ಆದರೆ ಬಾಮೈದನ ಎದುರಿಗೆ, ಟೈಲರಕ್ಕನ ಎದುರಿಗೆ, ನಿಮ್ಮ ಟೀಚರಮ್ಮ ಈ ವಯಸ್ಸಿನಲ್ಲಿ ಗೇಮ್ ಆಡುತ್ತಾರಂತೆ ಎಂದು ಹೇಗೆ ಹೇಳುವುದು? ಅತ್ತೆಯವರು ತಾನೇ ಹೇಳುತ್ತೇನೆ ಎಂದಿದ್ದರಲ್ಲ.

ಬಾಮೈದ ಈಗ ಸುತ್ತುಬಳಸಲಿಲ್ಲ. ಭಾವನಾದವರಿಗೆ ಅಮ್ಮ ಭಾರವಾಗಿದ್ದರೆ ಒಂದು ಮಾತು ಹೇಳಬಹುದಿತ್ತು, ಫೋನಿನಲ್ಲಿ ಕಾಲು ಸರಿಯಿಲ್ಲ, ಹಳೆಯದು ಎಂದೆಲ್ಲ ಬೀದಿಗೆ ಕೇಳುವ ಹಾಗೆ ಮಾತಾಡಬೇಕಾಗಿರಲಿಲ್ಲ, ಮನೆಯಿಂದ ಹೊರಗೆ ಹಾಕುವುದಕ್ಕೆ ಶನಿವಾರವೆಂದು ದಿನ ಗೊತ್ತುಮಾಡಬೇಕಾಗಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಆಗ ಸಾಹೇಬರಿಗೆ ಎಲ್ಲ ಅರ್ಥವಾಯಿತು. ಮ್ಯಾನೇಜರ ಗಾಜಿನ ಗುಂಡು ಅರ್ಥವಾಯಿತು, ಉಪ್ಪಿನ ಡಬ್ಬಿ ಅರ್ಥವಾಯಿತು. ಒಂದೇ ಒಂದು ವಾಕ್ಯದಿಂದ ಅವರು ಪಾರಾಗಬಹುದಿತ್ತು. ಆ ವಾಕ್ಯಕ್ಕಾಗಿ ಬಾಯಿ ತೆರೆದರು. ಅತ್ತೆಯವರ ಕೋಣೆಯ ಬಾಗಿಲ ಕಡೆ ನೋಡಿದರು. ಬಾಯಿ ಮುಚ್ಚಿದರು.

"ನಾನು ಅಂಥದ್ದು ಮಾಡಿಲ್ಲ" ಎಂದಷ್ಟೇ ಹೇಳಿದರು. "ಜಾಸ್ತಿ ಕೇಳಬೇಡ. ಮಾತು ಕೊಟ್ಟಿದೀನಿ."

ಜಗತ್ತಿನಲ್ಲಿ ದೊಡ್ಡ ದೊಡ್ಡ ರಹಸ್ಯಗಳನ್ನು ಕಾಪಾಡಿದವರಿದ್ದಾರೆ. ಒಂದು ಫುಟ್‌ಬಾಲ್ ಗೇಮಿಗೋಸ್ಕರ ಮಹಾಪಾಪಿ ಎನ್ನಿಸಿಕೊಂಡು ಬೆವರು ಒರೆಸಿಕೊಳ್ಳುತ್ತ ನಿಂತವರು ಬಹುಶಃ ಇವರೊಬ್ಬರೇ.

ಕೋಲಿನ ಸದ್ದು ಕೇಳಿಸಿತು. ಅತ್ತೆಯವರು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ. ಮಗನನ್ನು ನೋಡಿದ ನೋಟದಲ್ಲಿ ಹಳೆಯ ಟೀಚರ್ ಇದ್ದರು. ಅವನು ತಾನಾಗಿ ನೆಟ್ಟಗೆ ನಿಂತ.

"ಅಳಿಯಂದ್ರೆ, ಆ ಚಿಕ್ಕ ಡಬ್ಬ ಬಿಚ್ಚಿ."

ಸಾಹೇಬರು ಬಿಚ್ಚಿದರು. ಒಳಗಿಂದ ಹೊಳೆಯುವ ಚೀಲ, ಅದರೊಳಗಿಂದ ಕಪ್ಪು ಹಲಗೆ. ಅತ್ತೆಯವರು ಅದನ್ನು ಮಗನ ಕೈಗೆ ಕೊಡಿಸಿದರು.

"ಇದರ ಹೆಸರು ಮದರ್. ಬದಲಾಯಿಸಿದ್ದು ಇದನ್ನ. ಕಾಲು ಸರಿ ಇಲ್ಲದ್ದು ಇದರ ಅಣ್ಣನಿಗೋ ತಮ್ಮನಿಗೋ, ನನಗಲ್ಲ. ಕಂಪ್ಯೂಟರ್ ಬೇಕು ಅಂತ ಕೇಳಿದ್ದು ನಾನು. ವಿಡಿಯೋ ಕತ್ತರಿಸೋಕೆ." ಸ್ವಲ್ಪ ತಡೆದು, ತಲೆಯೆತ್ತಿ ಮುಗಿಸಿದರು. "ಮತ್ತೆ ಗೇಮ್ ಆಡೋಕೆ."

ಬಾಮೈದ ಮದರನ್ನು ಎರಡು ಕೈಯಲ್ಲಿ ಹಿಡಿದು ನಿಂತುಬಿಟ್ಟ. ಅದನ್ನು ಕೆಳಗಿಡುವುದೋ ಹಿಡಿದಿರುವುದೋ ಅವನಿಗೆ ಹೊಳೆಯಲಿಲ್ಲ. ಟೈಲರಕ್ಕ, ತನಗೆ ಕೇಳಿಸಿದ್ದು ಮಾತ್ರ ಸರಿಯಾಗೇ ಇತ್ತು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು. ಅದೂ ನಿಜವೇ.

ಹೆಂಡತಿ ಮಾತ್ರ ಎದ್ದು ಅಮ್ಮನ ಹತ್ತಿರ ಹೋದಳು.

"ನಿನಗೆ ಇಲ್ಲಿ ಸಾಕಾಯ್ತು ಅಂದ್ಕೊಂಡಿದ್ದೆ. ನೀನೇ ಹೋಗ್ತೀನಿ ಅಂದಿದೀಯ ಅಂತ."

"ಎಲ್ಲಿಗೆ ಹೋಗಲಿ? ಇಲ್ಲಿ ಈಗತಾನೇ ಟೀಮ್ ಕಟ್ಟಿದೀನಿ" ಎಂದರು ಅತ್ತೆಯವರು. ಮಗಳ ಕಣ್ಣು ತುಂಬಿದ್ದನ್ನು ಕಂಡು, ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿ, ಖಾಲಿಯಾದ ಕೈಯಿಂದ ಅವಳ ಕೆನ್ನೆ ಒರೆಸಿದರು. "ಸಾಕಾಗಿದ್ರೆ ನಿನಗೇ ಹೇಳ್ತಿದ್ದೆ. ಉಪ್ಪು ಇಲ್ಲದ ಊಟಾನೇ ತಿಂದ್ಕೊಂಡು ಇದ್ದೀನಲ್ಲ."

ಜಗಳಕ್ಕೆಂದು ಬಂದ ಜನ ಜಗಳವಿಲ್ಲದೆ ಹೋಗಲು ಸಂಕೋಚಪಡುತ್ತಾರೆ. ಎಲ್ಲರೂ ಉಳಿದರು. ಬಾಡಿಗೆಗೆ ಬಂದಿದ್ದ ವ್ಯಾನಿನಲ್ಲಿ ಬಾಮೈದನೇ ಹೋಗಿ ಒಂದು ಮೇಜು, ಒಂದು ಹಳೆಯ ಮಾನಿಟರು ತಂದ. ಮಂಚದಡಿಯಿಂದ ಒಂದೊಂದೇ ಡಬ್ಬ ಹೊರಬಂತು. ಸಾಹೇಬರು ಪ್ರೊಸೆಸರನ್ನು ಬೆರಳತುದಿಯಲ್ಲಿ ಹಿಡಿದು, ಮೂರು ಸಲ ಹಲಗೆಯ ಹತ್ತಿರ ತಂದು ಮೂರು ಸಲವೂ ಹಿಂದಕ್ಕೆ ತೆಗೆದುಕೊಂಡರು. ಕಾಲು ಬಗ್ಗಿದರೆ ಈ ಮದರೂ ಹೋಯಿತು. ಹೆಂಡತಿ, ಕೊಡಿ ಇಲ್ಲಿ ಎಂದು ತೆಗೆದುಕೊಂಡು, ದಿನವೂ ಸೂಜಿ ಹಿಡಿಯುವ ಕೈಯಿಂದ ಅದನ್ನು ಹೂವಿಟ್ಟ ಹಾಗೆ ಇಟ್ಟಳು. ಟೈಲರಕ್ಕ ಹೊಲಿಗೆ ಯಂತ್ರದ ಪುಟ್ಟ 'ಸ್ಕ್ರೂ ಡ್ರೈವರ್' ತಂದು ಎಲ್ಲ ತಿರುಪುಗಳನ್ನೂ ತಾವೇ ಬಿಗಿದರು, ಉಳಿದ ತಿರುಪುಗಳನ್ನು ಅಭ್ಯಾಸಬಲದಿಂದ ಬಾಯಲ್ಲಿಟ್ಟುಕೊಂಡು. ಅತ್ತೆಯವರು ಕುರ್ಚಿಯಲ್ಲಿ ಕೂತು ಯಾರು ಎಲ್ಲಿ ನಿಲ್ಲಬೇಕೆಂದು ಹೇಳುತ್ತಿದ್ದರು. ಸಾಹೇಬರ ಪಾಲಿಗೆ ಟಾರ್ಚು ಹಿಡಿಯುವ ಕೆಲಸ ಬಂತು. ಅದನ್ನು ಅವರು ಮನಃಪೂರ್ವಕವಾಗಿ ಮಾಡಿದರು.

ಎಲ್ಲ ಮುಗಿದು ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಬಾಮೈದ, ಇದಕ್ಕೆ ವಿಮೆ ಮಾಡಿಸಿಲ್ಲವೇ ಎಂದ. ಗೋಲ್‌ಕೀಪರನ್ನು ನೋಡಿ ಎಂದರು ಅತ್ತೆಯವರು. ಯಾರಿಗೂ ಅರ್ಥವಾಗಲಿಲ್ಲ, ಸಾಹೇಬರೊಬ್ಬರಿಗೆ ಆಯಿತು. ಅವರು ನೆಲದ ಮೇಲೆ ಮಲಗಿ, ಪವರ್ ಸಪ್ಲೈಯ ಹಿಂಭಾಗದಲ್ಲಿ ಟಾರ್ಚು ಬಿಟ್ಟು ನೋಡಿ, ಅಲ್ಲೊಂದು ಪುಟ್ಟ ಸ್ವಿಚ್ಚಿರುವುದನ್ನು ಕಂಡು ಅದುಮಿದರು. ಫ್ಯಾನು ತಿರುಗಿತು. ಪರದೆ ಬೆಳಗಿತು. ಹೀಗೆ ಸಾಹೇಬರು ಕಂಪ್ಯೂಟರನ್ನು ತಾವೇ ಜೋಡಿಸಿದರು ಎಂದು ಹೇಳುವುದಕ್ಕೆ ಸ್ವಲ್ಪವಾದರೂ ಆಧಾರ ಸಿಕ್ಕಿತು.

ಆಮೇಲಿನ ದಿನಗಳಲ್ಲಿ ಸಂಜೆ ಹೊತ್ತು ಆ ಕೋಣೆಯಿಂದ ಗಲಾಟೆ ಕೇಳಿಸುತ್ತಿತ್ತು. ಅತ್ತೆಯವರ ಹಳೆಯ ಹುಡುಗಿಯರು ಒಂದು ಕಡೆ, ಅತ್ತೆಯವರೂ ಅಳಿಯನೂ ಇನ್ನೊಂದು ಕಡೆ. ಸಾಹೇಬರಿಗೆ ಚೆಂಡು ಎಲ್ಲಿದೆಯೆಂದು ಗೊತ್ತಾಗುವಷ್ಟರಲ್ಲಿ ಅದು ಬೇರೆಲ್ಲೋ ಇರುತ್ತಿತ್ತು. ಮೊದಲ ದಿನ ಅತ್ತೆಯವರು "ಅಳಿಯಂದ್ರೆ, ದಯವಿಟ್ಟು ಪಾಸ್ ಕೊಡಿ" ಎನ್ನುತ್ತಿದ್ದರು. ಆಟದ ನಡುವೆ ಅಷ್ಟು ದೊಡ್ಡ ವಾಕ್ಯ ಮುಗಿಯುವುದರೊಳಗೆ ಎದುರಾಳಿಗಳು ಗೋಲು ಹೊಡೆಯುತ್ತಿದ್ದರು. ಎರಡನೆಯ ವಾರದಲ್ಲಿ ಒಂದು ಸಂಜೆ, "ಲೇ, ಬಿಡೋ ಬಾಲು" ಎಂಬ ದನಿ ಕೆಳಗಿನ ಮನೆಗೂ ಕೇಳಿಸಿತು. ಹೆಂಡತಿ ಗಾಬರಿಯಿಂದ ಓಡಿಬಂದಳು. ಸಾಹೇಬರು ಆಟ ನಿಲ್ಲಿಸಿ ಮುಖ ಅರಳಿಸಿಕೊಂಡು ಕೂತಿದ್ದರು. ಇಷ್ಟು ವರ್ಷಕ್ಕೆ ತಾನು ಈ ಮನೆಯ ಹುಡುಗನಾದೆ ಎಂಬ ಸಂತೋಷ ಅವರದು. ಆ ಸಂತೋಷದಲ್ಲಿ ಇನ್ನೊಂದು ಗೋಲು ಹೋಯಿತು.

ಬೆಳಗಿನ ಹೊತ್ತು ಮಾತ್ರ ಅತ್ತೆಯವರು ಬಾಗಿಲು ಹಾಕಿಕೊಂಡು ವಿಡಿಯೋ ಕೆಲಸ ಮಾಡುತ್ತಿದ್ದರು. ಯಾರನ್ನೂ ಬಿಡುತ್ತಿರಲಿಲ್ಲ. ಕಡೆಗೊಂದು ಭಾನುವಾರ, ಬಾಮೈದ ಬಂದಿದ್ದಾಗ, ಎಲ್ಲರನ್ನೂ ಕರೆದು ಮಂಚದ ಮೇಲೆ ಕೂರಿಸಿದರು. ಮೊದಲನೆಯದು ಸಿದ್ಧವಾಗಿದೆ ಎಂದರು.

ಪರದೆಯ ಮೇಲೆ ಮಸುಕು ಬಣ್ಣದ ಮೈದಾನ. ನೀಲಿ ಅಂಗಿಯ ಹುಡುಗಿಯರು. ಅವರಲ್ಲಿ ಎರಡು ಜಡೆಯ ಒಬ್ಬಳು, ಅಂಗಿ ಮೊಣಕಾಲವರೆಗೂ ಇಳಿಬಿದ್ದವಳು, ಓಡುತ್ತಿದ್ದಳು. ಹೆಂಡತಿ ಬಿಗಿಯಾಗಿ ಕೂತಳು. ಅದು ಅವಳೇ. ಬಾಮೈದ ನಗತೊಡಗಿದ, ಭಾವನಿಗೆ ವಿವರಿಸಿದ: ಅಕ್ಕ ಶಾಲೆಯ ಟೀಮಿನಲ್ಲಿ ಆಡಿದ್ದು ಒಂದೇ ಪಂದ್ಯ, ಹೊಡೆದದ್ದು ಒಂದೇ ಗೋಲು, ಅದೂ ದಿಕ್ಕು ತಪ್ಪಿ ತಮ್ಮದೇ ಗೋಲಿಗೆ. ಅಮ್ಮ ಟೀಚರ್ ಆದ್ದರಿಂದ ಎಲ್ಲರೆದುರು ಅವಳನ್ನು ಹೊರಗೆ ಕರೆಯಲೇಬೇಕಾಯಿತು. ಅಕ್ಕ ಆವತ್ತು ಬೂಟು ಬಿಚ್ಚಿಟ್ಟವಳು ಮತ್ತೆ ಹಾಕಲಿಲ್ಲ. ಹೆಂಡತಿ ಗಂಡನಿಗೆ ಇದನ್ನು ಯಾವತ್ತೂ ಹೇಳಿರಲಿಲ್ಲ.

ಪರದೆಯ ಮೇಲೆ ಎರಡು ಜಡೆಯ ಹುಡುಗಿ ಚೆಂಡನ್ನು ಒದ್ದಳು. ಚೆಂಡು ಗೋಲಿನೊಳಗೆ ಹೋಯಿತು. ಮರುಕ್ಷಣ ನೀಲಿ ಅಂಗಿಯ ಹುಡುಗಿಯರೆಲ್ಲ ಕೈಯೆತ್ತಿ ಕುಣಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಷ್ಟೇ. ಅಲ್ಲಿಗೆ ಮುಗಿಯಿತು.

ಸಾಹೇಬರು ಸೂಕ್ಷ್ಮವಾಗಿ ನೋಡಿದರು. ಗೋಲು ಹೊಡೆಯುವಾಗ ಹುಡುಗಿಯರ ಬೆನ್ನಿನ ಮೇಲಿನ ಅಂಕಿಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ್ದವು. ಅತ್ತೆಯವರು ಇಡೀ ಮೈದಾನವನ್ನು ಎಡದಿಂದ ಬಲಕ್ಕೆ ತಿರುಗಿಸಿ, ತಮ್ಮ ಗೋಲನ್ನು ಎದುರಾಳಿಗಳದು ಮಾಡಿಬಿಟ್ಟಿದ್ದರು. ಕುಣಿದ ಹುಡುಗಿಯರ ಹಿಂದೆ ಬೇರೆ ಯಾವುದೋ ಕಟ್ಟಡವಿತ್ತು, ಬೇರೆ ಯಾವುದೋ ಪಂದ್ಯ. ಇದೆಲ್ಲ ತಮಗೆ ತಿಳಿಯಿತೆಂದು ಸಾಹೇಬರು ತೋರಿಸಿಕೊಳ್ಳಲಿಲ್ಲ.

"ಅಮ್ಮ" ಎಂದಳು ಹೆಂಡತಿ. "ನಾನು ಹೊಡೆದಿದ್ದು ನಮ್ಮದಕ್ಕೇ."

ಅತ್ತೆಯವರು ಮೌಸಿನ ಮೇಲಿಂದ ಕೈ ತೆಗೆಯಲಿಲ್ಲ.

"ಆವತ್ತು ರೆಫರಿ ಬೇರೆಯವರು. ಇವತ್ತು ನಾನು. ಗೋಲು ಸರಿ ಇದೆ."

ಬಾಮೈದ ನಗುವುದನ್ನು ನಿಲ್ಲಿಸಿದ್ದ. ಹೆಂಡತಿ ಮಂಚದಿಂದಿಳಿದು ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಆಪರೇಷನ್ ಆದ ಮೊಣಕಾಲಿಗೆ ನೋವಾಗದ ಹಾಗೆ ತಲೆಯಾನಿಸಿದಳು.

"ಇನ್ನೊಂದ್ಸಲ ಹಾಕು" ಎಂದಳು.